ಮೇಲುಕೋಟೆ: ಕೊಳಗಳು ಕಟ್ಟಿದ ಬೆಟ್ಟದೂರು

ಮೇಲುಕೋಟೆ ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿಗೆ ಸೇರಿದ, ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಮಿಕ್ಕ ಎತ್ತರದಲ್ಲಿ ಬಂಡೆಗುಡ್ಡಗಳ ಮೇಲೆ ಹರಡಿಕೊಂಡ ಪ್ರಾಚೀನ ಊರು. ಯದುಗಿರಿ, ಯಾದವಗಿರಿ, ತಿರುನಾರಾಯಣಪುರ ಎಂಬ ಹೆಸರುಗಳೂ ಇದಕ್ಕಿವೆ. ಮೈಸೂರಿನಿಂದ ಸುಮಾರು 50 ಕಿಲೋಮೀಟರ್, ಬೆಂಗಳೂರಿನಿಂದ ಸುಮಾರು 135 ಕಿಲೋಮೀಟರ್ ದೂರ. ಚೆಲುವನಾರಾಯಣಸ್ವಾಮಿ ದೇವಾಲಯ, ಬೆಟ್ಟದ ನೆತ್ತಿಯ ಯೋಗನರಸಿಂಹಸ್ವಾಮಿ ದೇವಾಲಯ, ವೈರಮುಡಿ ಉತ್ಸವ ಮತ್ತು ರಾಮಾನುಜಾಚಾರ್ಯರ ವಾಸ, ಈ ನಾಲ್ಕರಿಂದ ಊರು ನಾಡಿಗೆಲ್ಲ ಪರಿಚಿತ. ಬಹುಪಾಲು ಪ್ರವಾಸಿ ಕೈಪಿಡಿಗಳು ಇಷ್ಟನ್ನೇ ಹೇಳಿ, ಕೊನೆಗೆ ಪುಳಿಯೋಗರೆಯ ರುಚಿಯನ್ನು ಸೇರಿಸಿ ಮುಗಿಸುತ್ತವೆ. ಇವುಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಇವುಗಳಿಂದ ದೇವಾಲಯ ಅರ್ಥವಾಗುತ್ತದೆಯೇ ಹೊರತು ಊರು ಅರ್ಥವಾಗುವುದಿಲ್ಲ. ಬೋಳು ಬಂಡೆಯ ಮೇಲೆ, ಹೊಳೆಯಿಲ್ಲದ ಕಡೆ, ಜನ ಒಂಬೈನೂರು ವರ್ಷ ಸಂಸಾರ ಹೂಡಿ ಬಾಳಿದ್ದು ಹೇಗೆ ಎಂಬ ಪ್ರಶ್ನೆಗೆ ಗೋಪುರಗಳಲ್ಲಿ ಉತ್ತರವಿಲ್ಲ. ಉತ್ತರ ಇರುವುದು ಊರಿನ ಕೊಳಗಳಲ್ಲಿ. ಮೇಲುಕೋಟೆಯನ್ನು ನೋಡಬೇಕಾದ ಕ್ರಮವೂ ಅಲ್ಲಿಂದಲೇ ಹುಟ್ಟಬೇಕು ಎಂಬುದು ಈ ಲೇಖನದ ವಾದ.

ಮಂಡ್ಯ ಎಂದೊಡನೆ ಕಣ್ಣಿಗೆ ಕಟ್ಟುವುದು ನಾಲೆಯ ನೀರು, ಕಬ್ಬು, ಭತ್ತದ ಗದ್ದೆ. ಈ ಚಿತ್ರಕ್ಕೆ ನೂರು ವರ್ಷ ಕೂಡ ಆಗಿಲ್ಲ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕೆಲಸ ಮುಗಿಯುತ್ತ ಬಂದಂತೆ, ಮೊದಲು ಇರ್ವಿನ್ ನಾಲೆ ಎನಿಸಿಕೊಂಡು ಈಗ ವಿಶ್ವೇಶ್ವರಯ್ಯ ನಾಲೆ ಎನಿಸಿಕೊಂಡಿರುವ ಕಾಲುವೆ ಹುಲಿಕೆರೆಯ ಸುರಂಗ ದಾಟಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಬಯಲಿಗೆ ಕಾವೇರಿಯನ್ನು ಹರಿಸಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕೂ ಮುಂಚೆ ಈ ಸೀಮೆಯ ಬಹುಭಾಗ ರಾಗಿ, ಹುರುಳಿ ಬೆಳೆಯುವ ಬೆದ್ದಲು. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯನ್ನೂ ಕೆರೆಗಳನ್ನೂ ನಂಬಿದ ನಾಡು. ನಾಲೆ ಬಂದು ಬಯಲಿನ ಬದುಕು ಬದಲಾದರೂ ಬೆಟ್ಟದ ಮೇಲಿನ ಮೇಲುಕೋಟೆಗೆ ಕಾಲುವೆ ಏರಲಿಲ್ಲ. ನಾಲೆಗೆ ಮುಂಚಿನ ಮಂಡ್ಯ ನೀರನ್ನು ಹೇಗೆ ಕೂಡಿಡುತ್ತಿತ್ತು ಎಂಬುದನ್ನು ಕಲ್ಲಿನಲ್ಲೇ ಓದಬೇಕೆಂದರೆ ಜಿಲ್ಲೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಸ್ಥಳ ಇನ್ನೊಂದಿಲ್ಲ. ಬಂಡೆಯ ಇಳಿಜಾರಿನಲ್ಲಿ ಮಳೆ ನೀರು ಇಂಗುವುದು ಕಡಿಮೆ, ಜಾರುವುದು ಹೆಚ್ಚು. ಜಾರುವ ನೀರನ್ನು ತಗ್ಗಿನಲ್ಲಿ ತಡೆದು, ಸುತ್ತ ಕಲ್ಲಿನ ಮೆಟ್ಟಿಲು ಕಟ್ಟಿ, ಹೂಳು ತೆಗೆಯುತ್ತ ಬಂದರೆ ಬಂಡೆಯೇ ತೊಟ್ಟಿಯಾಗುತ್ತದೆ. ಬಯಲುಸೀಮೆಯವರು ಬಂಡೆಯನ್ನು ಬರಡು ಎನ್ನುತ್ತಾರೆ. ಮೇಲುಕೋಟೆಯನ್ನು ಕಟ್ಟಿದವರು ಅದೇ ಬಂಡೆಯನ್ನು ಜಲಾನಯನ ಪ್ರದೇಶವಾಗಿ ಬಳಸಿಕೊಂಡರು.

ಇವುಗಳಲ್ಲಿ ದೊಡ್ಡದು ಕಲ್ಯಾಣಿ. ಯೋಗನರಸಿಂಹನ ಬೆಟ್ಟದ ಬುಡದಲ್ಲಿ, ಊರಿನ ಮಗ್ಗುಲಲ್ಲೇ ಇದೆ. ನಾಲ್ಕೂ ಕಡೆ ಸೋಪಾನಗಳ ಸಾಲು ನೀರಿನವರೆಗೆ ಇಳಿಯುತ್ತದೆ. ಮೇಲಂಚಿನಲ್ಲಿ ಕಂಬಸಾಲಿನ ಮಂಟಪಗಳು, ಅವುಗಳ ನಡುವೆ ಭುವನೇಶ್ವರಿ ಮಂಟಪ. ಮೆಟ್ಟಿಲುಗಳ ಬಳಿ ನಿಂತು ಗಮನಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಬೇಸಗೆಯಲ್ಲಿ ನೀರು ಎಷ್ಟು ಕೆಳಗಿಳಿದರೂ ಅಲ್ಲಿಗೆ ಕಾಲಿಡಲು ಮೆಟ್ಟಿಲು ಇರುತ್ತದೆ, ಮಳೆಗಾಲದಲ್ಲಿ ಎಷ್ಟು ಏರಿದರೂ ನಿಲ್ಲಲು ಮೆಟ್ಟಿಲು ಉಳಿದಿರುತ್ತದೆ. ಆಗಾಗ ಕುಗ್ಗಿ ಹಿಗ್ಗುವ ನೀರಿಗೆ ತಕ್ಕ ಕಟ್ಟಡ ಇದು. ಅಂದ ಆಮೇಲೆ ಬಂದದ್ದು. ವರಾಹಾವತಾರದಲ್ಲಿ ಸಮುದ್ರದಿಂದ ಎದ್ದ ಸ್ವಾಮಿಯ ಮೈಯಿಂದ ಉದುರಿದ ಹನಿಗಳಿಂದ ಕಲ್ಯಾಣಿ ಆಯಿತೆಂದು ಸ್ಥಳಪುರಾಣ ಹೇಳುತ್ತದೆ. ರಾಯಗೋಪುರದ ಬಳಿಯ ಅಕ್ಕ-ತಂಗಿ ಕೊಳಗಳ ಕಥೆ ಇನ್ನೂ ನೆಲಕ್ಕೆ ಹತ್ತಿರದ್ದು. ಅಕ್ಕಪಕ್ಕದಲ್ಲೇ ಇಬ್ಬರು ಸೋದರಿಯರು ಕಟ್ಟಿಸಿದ ಎರಡು ಕೊಳ. ಒಂದರ ನೀರು ಕುಡಿಯಲು ಯೋಗ್ಯ, ಇನ್ನೊಂದರದ್ದು ಅಲ್ಲ. ಕಟ್ಟಿಸಿದವರ ಮನಸ್ಸಿನ ಗುಣವೇ ನೀರಿಗೆ ಬಂತೆಂದು ಜನ ವಿವರಣೆ ಕೊಡುತ್ತಾರೆ. ನೀತಿಯ ಭಾಗವನ್ನು ಬದಿಗಿಟ್ಟು ನೋಡಿದರೆ, ಯಾವ ಕೊಳದ ನೀರು ಕುಡಿಯಬೇಕು, ಯಾವುದನ್ನು ಬೇರೆ ಕೆಲಸಕ್ಕೆ ಬಿಡಬೇಕು ಎಂಬ ಲೆಕ್ಕವನ್ನು ಒಂದು ಊರು ಮಕ್ಕಳಿಗೂ ಮರೆಯದಂತೆ ಹೇಳಿಕೊಟ್ಟ ರೀತಿ ಇದು.

ಇಲ್ಲೊಂದು ಆಕ್ಷೇಪ ಬರುವುದು ಸಹಜ. ಈ ಕೊಳಗಳೆಲ್ಲ ತೀರ್ಥಗಳು, ಸ್ನಾನಕ್ಕೂ ಅಭಿಷೇಕಕ್ಕೂ ಮೀಸಲಾದವು. ಇವನ್ನು ನೀರಾವರಿ ಎಂಜಿನಿಯರನ ಕಣ್ಣಿನಿಂದ ನೋಡುವುದು ಸರಿಯೇ? ಸರಿ ಎನ್ನಲು ಊರಿನ ಪಂಚಾಂಗವೇ ಸಾಕ್ಷಿ. ದೀಪಾವಳಿಯ ನಂತರ, ರಾಜಮುಡಿ ಉತ್ಸವದ ದಿನಗಳಲ್ಲಿ, ಇಲ್ಲಿ ಅಷ್ಟತೀರ್ಥೋತ್ಸವ ನಡೆಯುತ್ತದೆ. ಕಲ್ಯಾಣಿಯಿಂದ ಹೊರಟ ಮೆರವಣಿಗೆ ಬೆಟ್ಟದ ಸುತ್ತಲ ತೀರ್ಥಗಳನ್ನು ಒಂದಾದ ಮೇಲೊಂದು ಮುಟ್ಟುತ್ತ ಹೋಗುತ್ತದೆ. ವೇದಪುಷ್ಕರಿಣಿ, ಧನುಷ್ಕೋಟಿ, ದರ್ಭತೀರ್ಥ, ಪಲಾಶತೀರ್ಥ, ಪದ್ಮತೀರ್ಥ, ಯಾದವತೀರ್ಥ, ಮೈತ್ರೇಯತೀರ್ಥ, ನಾರಾಯಣತೀರ್ಥ. ಹೆಸರುಗಳ ಈ ಸಾಲಿನೊಂದಿಗೆ ತೊಟ್ಟಿಲಮಡುವಿನ ಜಾತ್ರೆಯೂ ಕೂಡಿಕೊಂಡಿದೆ. ಮಕ್ಕಳಾಗಲೆಂದು ಹರಕೆ ಹೊತ್ತವರು ಅಲ್ಲಿ ಸ್ನಾನ ಮಾಡುತ್ತಾರೆ. ಈ ಪ್ರದಕ್ಷಿಣೆ ನಡೆಯುವ ಕಾಲವನ್ನು ಗಮನಿಸಬೇಕು. ಮುಂಗಾರು, ಹಿಂಗಾರು ಎರಡೂ ಸುರಿದು ಹಳ್ಳಕೊಳ್ಳ ತುಂಬಿರುವ ಹೊತ್ತು ಅದು. ಇಡೀ ಊರು ವರ್ಷಕ್ಕೊಮ್ಮೆ ತನ್ನ ನೀರಿನ ನೆಲೆಗಳನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ ಕಣ್ಣಾರೆ ಕಾಣುತ್ತದೆ. ದಾರಿ ಮುಚ್ಚಿಹೋಗಿದ್ದರೆ ಸವರಬೇಕು, ಮೆಟ್ಟಿಲು ಕುಸಿದಿದ್ದರೆ ತಿಳಿಯುತ್ತದೆ. ಭಕ್ತಿಯನ್ನೂ ಉಸ್ತುವಾರಿಯನ್ನೂ ಬೇರೆ ಮಾಡಿ ನೋಡುವುದು ನಮ್ಮ ಕಾಲದ ಅಭ್ಯಾಸ. ತೀರ್ಥವೆಂದು ಪೂಜಿಸಿದ ಕಾರಣಕ್ಕೇ ಕೊಳ ಉಳಿಯಿತು, ಕೊಳ ಉಳಿದ ಕಾರಣಕ್ಕೇ ಪೂಜಿಸುವವರು ಅಲ್ಲಿ ಉಳಿದರು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇತಿಹಾಸದ್ದು. ಮೇಲುಕೋಟೆಯನ್ನು ಮಾಡಿದವರು ರಾಮಾನುಜರು, ಅವರಿಲ್ಲದೆ ಈ ಬೆಟ್ಟ ಹೆಸರಿಲ್ಲದ ಕಾಡಾಗಿರುತ್ತಿತ್ತು ಎನ್ನುವುದು ಸಾಮಾನ್ಯ ತಿಳಿವಳಿಕೆ. ಸಂಪ್ರದಾಯದ ಪ್ರಕಾರ 1017ರಲ್ಲಿ ಹುಟ್ಟಿ 1137ರಲ್ಲಿ ಪರಮಪದಿಸಿದ ಆಚಾರ್ಯರು ಚೋಳನ ಕಿರುಕುಳದಿಂದ ಶ್ರೀರಂಗ ಬಿಟ್ಟು ಹೊಯ್ಸಳ ನಾಡಿಗೆ ಬಂದರು. ಬಿಟ್ಟಿದೇವ ವಿಷ್ಣುವರ್ಧನನ ಆಶ್ರಯ ಸಿಕ್ಕಿತು. ಸುಮಾರು ಹನ್ನೆರಡು ವರ್ಷ ಇಲ್ಲಿದ್ದು ತಿರುನಾರಾಯಣನ ಪೂಜೆಯನ್ನು ನೆಲೆಗೊಳಿಸಿದರು, ಯತಿರಾಜ ಮಠ ಸ್ಥಾಪಿಸಿದರು. ಈ ಋಣವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಶ್ರೀವೈಷ್ಣವ ನೆಲೆಗಳು ಈ ಸೀಮೆಯಲ್ಲಿ ಅವರಿಗಿಂತ ಮೊದಲೇ ಇದ್ದವು. ಮಳವಳ್ಳಿಯ ಮಗ್ಗುಲ ಮಾರೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ ಚೋಳರ ಕಾಲದಲ್ಲೇ ರಾಜಾಶ್ರಯ ವಿಣ್ಣಗರ, ಅಂದರೆ ವಿಷ್ಣುಗೃಹ, ಎಂದು ಹೆಸರು ಪಡೆದಿತ್ತು. ಶಿಂಷಾ ದಡದ ಮದ್ದೂರಿನಲ್ಲಿ ಉಗ್ರನರಸಿಂಹನೂ, ಆಳೆತ್ತರವನ್ನು ಎಷ್ಟೋ ಮೀರಿದ, ಕಣ್ಣು ಕೊಟ್ಟ ಸ್ವಾಮಿಯೆಂದು ಜನ ಕೊಂಡಾಡುವ ವರದರಾಜನೂ ಇದ್ದಾರೆ. ಬೆಟ್ಟದ ತಪ್ಪಲಿನ ತೊಣ್ಣೂರು ಹೊಯ್ಸಳರ ಮುಖ್ಯ ನೆಲೆಗಳಲ್ಲಿ ಒಂದು. ಈ ಊರುಗಳಿಗೆಲ್ಲ ಹೊಳೆಯೋ ದೊಡ್ಡ ಕೆರೆಯೋ ಇತ್ತು. ಸಂತನ ಸಾನ್ನಿಧ್ಯ ಒಂದೇ ಊರನ್ನು ಬೆಳೆಸುವುದಾದರೆ, ರಾಮಾನುಜರ ನೆನಪು ಅಷ್ಟೇ ದಟ್ಟವಾಗಿರುವ, ಅಪಾರವಾದ ಕೆರೆಯೂ ಇರುವ ತೊಣ್ಣೂರು ಮೇಲುಕೋಟೆಗಿಂತ ದೊಡ್ಡ ಕ್ಷೇತ್ರವಾಗಬೇಕಿತ್ತು. ಆ ಕೆರೆಯ ಪಾಡನ್ನೂ ನೋಡಬೇಕು. 18ನೇ ಶತಮಾನದಲ್ಲಿ ಹೈದರಾಬಾದಿನ ನಿಜಾಮನ ಮಗ ನಾಸಿರ್ ಜಂಗ್ ಅದರ ತಿಳಿನೀರಿಗೆ ಮಾರುಹೋಗಿ ಮೋತಿ ತಲಾಬ್ ಎಂದು ಕರೆದ. ಶತ್ರುಸೇನೆಗೆ ನೀರು ಸಿಗಬಾರದೆಂದು ಟಿಪ್ಪು ಅದರ ಏರಿಯನ್ನು ಒಡೆಸಿದ. ಒಂದೇ ದೊಡ್ಡ ಕೆರೆಯನ್ನು ನಂಬಿದ ಊರಿಗೆ ಒಂದೇ ಏಟು ಸಾಕು. ಬಂಡೆಗಳ ನಡುವೆ ಚದುರಿದ ಹತ್ತಾರು ಚಿಕ್ಕ ಕೊಳಗಳನ್ನು ಹಾಗೆ ಒಮ್ಮೆಲೇ ಬರಿದು ಮಾಡಲಾಗದು.

ಮೇಲುಕೋಟೆ ಮತ್ತೆ ಮತ್ತೆ ಹಾಳಾಗಿ ಮತ್ತೆ ಮತ್ತೆ ಎದ್ದಿರುವುದು ಈ ಮಾತಿಗೆ ಬಲ ಕೊಡುತ್ತದೆ. 14ನೇ ಶತಮಾನದಲ್ಲಿ ಹೊಯ್ಸಳರ ಪತನದೊಂದಿಗೆ ಊರು ಪಾಳುಬಿತ್ತು. 15ನೇ ಶತಮಾನದ ಮಧ್ಯಭಾಗದಲ್ಲಿ ವಿಜಯನಗರದ ದಂಡನಾಯಕ ನಾಗಮಂಗಲದ ತಿಮ್ಮಣ್ಣ ದೇವಾಲಯವನ್ನು ಜೀರ್ಣೋದ್ಧಾರ ಮಾಡಿಸಿದ. ಮೈಸೂರು ಅರಸರ ಕಾಲದಲ್ಲಿ ವೈಭವ ಮರಳಿತು. ರಾಜ ಒಡೆಯರು ಸಲ್ಲಿಸಿದ ಕಿರೀಟವೇ ರಾಜಮುಡಿ, ಅವರ ಉಬ್ಬುಶಿಲ್ಪ ಹೆಸರಿನ ಸಮೇತ ನವರಂಗದ ಕಂಬದಲ್ಲಿ ಇಂದಿಗೂ ಇದೆ. 1771ರಲ್ಲಿ ಚಿನಕುರಳಿಯ ಬಳಿ ಹೈದರಾಲಿ ಮರಾಠರಿಗೆ ಸೋತಾಗ ಗೆದ್ದ ಸೇನೆ ಮೇಲುಕೋಟೆಗೆ ನುಗ್ಗಿತು. ಮರದ ದೊಡ್ಡ ರಥಗಳಲ್ಲಿದ್ದ ಕಬ್ಬಿಣ ಬಿಡಿಸಿಕೊಳ್ಳಲು ರಥಗಳಿಗೇ ಬೆಂಕಿ ಇಟ್ಟರೆಂದೂ, ಆ ಬೆಂಕಿ ಕಟ್ಟಡಗಳಿಗೆ ಹಬ್ಬಿ ಹಲವು ಸುಟ್ಟುಹೋದವೆಂದೂ ದಾಖಲೆ ಇದೆ. ಬೆಟ್ಟದ ಕೋಟೆ ಊರನ್ನು ಕಾಯಲಿಲ್ಲ. ಅದರ ಗೋಡೆಗಳ ತುಣುಕು, ಬಾಗಿಲುಗಳ ಗುರುತು ಇಂದೂ ಅಲ್ಲಲ್ಲಿ ಕಾಣುತ್ತವೆ, ಆದರೆ ಮೇಲುಕೋಟೆಯ ಬಾಳುವಿಕೆಯನ್ನು ಕೋಟೆಯಿಂದ ವಿವರಿಸಲು ಹೊರಟವರು 1771ಕ್ಕೆ ಉತ್ತರ ಹೇಳಬೇಕಾಗುತ್ತದೆ. ಮರ ಸುಡುತ್ತದೆ, ಚಿನ್ನ ಲೂಟಿಯಾಗುತ್ತದೆ, ಗೋಡೆ ಬೀಳುತ್ತದೆ. ಬಂಡೆಯಲ್ಲಿ ನಿಂತ ನೀರನ್ನು ಹೊತ್ತೊಯ್ಯುವುದು ಯಾರಿಂದಲೂ ಆಗದು. ಓಡಿಹೋದವರು ಹಿಂತಿರುಗಿ ಒಲೆ ಹೊತ್ತಿಸಲು ಮೊದಲು ಬೇಕಾದದ್ದು ಅಲ್ಲೇ ಇತ್ತು.

ರಾಯಗೋಪುರವನ್ನೂ ಈ ಬೆಳಕಿನಲ್ಲೇ ನೋಡಬಹುದು. ವಿಜಯನಗರ ಶೈಲಿಯ ಬೃಹತ್ ಕಂಬಗಳು ಎದ್ದು ನಿಂತು, ಮೇಲೆ ಗೋಪುರವೇರದೆ ಉಳಿದ ಮಹಾದ್ವಾರ ಅದು. ಒಂದೇ ರಾತ್ರಿಯಲ್ಲಿ ಕಟ್ಟಲು ಹೊರಟು ಬೆಳಗಾದ್ದರಿಂದ ನಿಂತಿತೆಂದು ಜನ ಹೇಳುತ್ತಾರೆ. ರಾಜಬಲ ಕಟ್ಟಲು ಹೊರಟದ್ದು ಅರ್ಧಕ್ಕೆ ನಿಂತಿತು, ಅದರ ಪಕ್ಕದಲ್ಲೇ ಇಬ್ಬರು ಹೆಣ್ಣುಮಕ್ಕಳ ಹೆಸರಿನ ಕೊಳಗಳು ಪೂರ್ತಿಯಾಗಿ ಉಳಿದಿವೆ.

ವೈರಮುಡಿಯ ಬಗ್ಗೆ ಬರೆದದ್ದು ಬಹಳವಿದೆ, ಇಲ್ಲಿ ಸಂಕ್ಷಿಪ್ತವಾಗಿ ಸಾಕು. ಫಾಲ್ಗುಣ ಮಾಸದಲ್ಲಿ, ಅಂದರೆ ಮಾರ್ಚ್-ಏಪ್ರಿಲ್ ಸುಮಾರಿಗೆ, ವಜ್ರಖಚಿತ ಕಿರೀಟವನ್ನು ಮಂಡ್ಯದ ಜಿಲ್ಲಾ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ತಂದು, ಉತ್ಸವಮೂರ್ತಿ ಚೆಲುವಪಿಳ್ಳೆಗೆ ತೊಡಿಸಿ, ರಾತ್ರಿಯಿಡೀ ಮೆರವಣಿಗೆ ಮಾಡುತ್ತಾರೆ. ದಾರಿಯುದ್ದಕ್ಕೂ ಊರೂರಿನವರು ಕಿರೀಟದ ಪೆಟ್ಟಿಗೆಗೆ ಪೂಜೆ ಸಲ್ಲಿಸುತ್ತಾರೆ. ಗರುಡ ಅದನ್ನು ಭೂಮಿಗೆ ತಂದನೆಂಬುದು ಪುರಾಣ. ಇದೇ ಚೆಲುವಪಿಳ್ಳೆಯನ್ನು ದೆಹಲಿಯ ಸುಲ್ತಾನನ ಅರಮನೆಯಿಂದ ರಾಮಾನುಜರು ತಂದರೆಂದೂ, ಅವನನ್ನು ಅಗಲಲಾರದೆ ಸುಲ್ತಾನನ ಮಗಳು ಹಿಂಬಾಲಿಸಿ ಬಂದು ಬೀಬಿ ನಾಚ್ಚಿಯಾರ್ ಆಗಿ ಅವನ ಪಾದದಲ್ಲಿ ನೆಲೆಸಿದಳೆಂದೂ ಕಥೆ ಇದೆ. ದೆಹಲಿ ಸುಲ್ತಾನರ ಆಳ್ವಿಕೆ ಆರಂಭವಾದದ್ದು 1206ರಲ್ಲಿ, ರಾಮಾನುಜರ ಕಾಲದ ಎಷ್ಟೋ ನಂತರ. ಕಾಲಗಣನೆ ಹೊಂದದಿದ್ದರೂ ಪರಧರ್ಮದ ಹೆಣ್ಣೊಬ್ಬಳಿಗೆ ದೇವರ ಪಾದದಲ್ಲಿ ಜಾಗ ಕೊಟ್ಟ ಕಲ್ಪನೆಯನ್ನು ಊರು ಇಷ್ಟು ಶತಮಾನ ಪೂಜೆಯಲ್ಲಿ ಉಳಿಸಿಕೊಂಡಿದೆ ಎಂಬುದು ತಾನೇ ಒಂದು ಚಾರಿತ್ರಿಕ ಸತ್ಯ.

ಇದೇ ಉದಾರತೆಯ ಗಡಿ ಎಲ್ಲಿತ್ತು ಎಂಬುದನ್ನೂ ಹೇಳಬೇಕು. ಮೂರ್ತಿ ತರುವಾಗ ನೆರವಾದ ಅಸ್ಪೃಶ್ಯರೆನಿಸಿದವರನ್ನು ರಾಮಾನುಜರು ತಿರುಕ್ಕುಲತ್ತಾರ್ ಎಂದು ಕರೆದು ದೇವಾಲಯ ಪ್ರವೇಶದ ಹಕ್ಕು ಕೊಟ್ಟರೆಂದು ಸಂಪ್ರದಾಯ. ಹನ್ನೆರಡನೆಯ ಶತಮಾನಕ್ಕೆ ಅದು ಸಣ್ಣ ಮಾತಲ್ಲ. ಆದರೆ ಮುಂದಿನ ಶತಮಾನಗಳಲ್ಲಿ ಆ ಹಕ್ಕು ವರ್ಷದ ಕೆಲವೇ ದಿನಗಳಿಗೆ ಕುಗ್ಗಿ ನಿಂತಿತು. ಕೊಳಗಳು ಊರನ್ನು ಬದುಕಿಸಿದವು ಎನ್ನುವಾಗ ಕೊಳದ ಮೆಟ್ಟಿಲು ಎಲ್ಲರಿಗೂ ಒಂದೇ ಸಮನಾಗಿ ತೆರೆದಿತ್ತು ಎಂದು ಅರ್ಥ ಮಾಡಿಕೊಳ್ಳಬಾರದು. ಹೂಳೆತ್ತಿದ ಕೈಗಳೂ ತೀರ್ಥ ಪಡೆದ ಕೈಗಳೂ ಒಂದೇ ಆಗಿದ್ದವೆಂದು ನಂಬಲು ಆಧಾರವಿಲ್ಲ. ಮೇಲುಕೋಟೆಯ ಚರಿತ್ರೆಯನ್ನು ಬರೆಯುವವರು ಈ ಅಸಮತೆಯನ್ನು ಅಡಿಟಿಪ್ಪಣಿಗೆ ತಳ್ಳುವುದು ಅನ್ಯಾಯ.

ನೀರಿನ ಜೊತೆ ಮಣ್ಣೂ ಇಲ್ಲಿನ ಬದುಕಿಗೆ ಆಧಾರವಾಗಿತ್ತು. ಗುಡ್ಡದಲ್ಲಿ ಸಿಗುವ ನುಣುಪಾದ ಬಿಳಿಮಣ್ಣು ಶ್ರೀವೈಷ್ಣವರ ಹಣೆಯ ನಾಮಕ್ಕೆ ಶ್ರೇಷ್ಠವೆಂದು ಹೆಸರಾಗಿ ಕಾಶಿಯವರೆಗೂ ಹೋಗುತ್ತಿತ್ತು. ಗರುಡ ಶ್ವೇತದ್ವೀಪದಿಂದ ತಂದ ಮಣ್ಣು ಎಂಬ ಪ್ರತೀತಿ ಅದಕ್ಕೆ. ಕೈಮಗ್ಗದ ಪಂಚೆ ನೇಯ್ಗೆ ಇನ್ನೊಂದು ಕಸುಬು. 1854ರಲ್ಲಿ ಆರಂಭವಾದ ಸಂಸ್ಕೃತ ಪಾಠಶಾಲೆ, 1970ರ ದಶಕದಲ್ಲಿ ಹುಟ್ಟಿದ ಸಂಸ್ಕೃತ ಸಂಶೋಧನ ಸಂಸತ್ತು ಊರಿನ ವಿದ್ವತ್ತನ್ನು ಉಳಿಸಿವೆ. ಸಂಸತ್ತಿನ ಹಸ್ತಪ್ರತಿ ಸಂಗ್ರಹ ನೋಡತಕ್ಕದ್ದು. 1960ರಲ್ಲಿ ಸುರೇಂದ್ರ ಕೌಲಗಿ ಅವರು ಸ್ಥಾಪಿಸಿದ ಜನಪದ ಸೇವಾ ಟ್ರಸ್ಟ್ ಖಾದಿ, ಶಿಕ್ಷಣ, ಗಾಂಧಿ ವಿಚಾರಗಳ ಕೆಲಸವನ್ನು ನಡೆಸುತ್ತ ಬಂದಿದೆ. ಕವಿ ಪು.ತಿ. ನರಸಿಂಹಾಚಾರ್ಯರು 1905ರಲ್ಲಿ ಹುಟ್ಟಿದ್ದು ಇಲ್ಲಿ; ಅವರ ಮನೆ ಈಗ ಸ್ಮಾರಕ. ‘ಗೋಕುಲ ನಿರ್ಗಮನ’ದ ಕವಿಗೆ ಗೋಕುಲ ಎಲ್ಲಿಂದ ಸಿಕ್ಕಿತು ಎಂದು ತಿಳಿಯಬಯಸುವವರು ಯದುಗಿರಿಯ ಬೀದಿಗಳನ್ನು ನಡೆದು ನೋಡಬೇಕು. ಬೆಟ್ಟದ ಸುತ್ತಲಿನ ಕುರುಚಲು ಕಾಡು 1974ರಿಂದ ವನ್ಯಜೀವಿ ಧಾಮ, ತೋಳಗಳ ನೆಲೆ. ಕೊಳಗಳಿಗೆ ಬರುವ ನೀರಿನ ದಾರಿಯನ್ನು ಕಾಪಾಡುವುದರಲ್ಲಿ ಈ ಕಾಡಿನ ಪಾಲೂ ಇದೆ.

ಬೆಟ್ಟದೂರುಗಳಿಗೆ ಜಗತ್ತಿನಲ್ಲೇ ಹೆಸರಾದ ಇಟಲಿಯೊಡನೆ ಹೋಲಿಸಿದರೆ ವಾದ ಇನ್ನಷ್ಟು ಸ್ಪಷ್ಟವಾಗುತ್ತದೆ. ಸಂತನೊಬ್ಬನಿಂದ ಕೀರ್ತಿ ಪಡೆದ ಬೆಟ್ಟದೂರು ಎಂಬ ಕಾರಣಕ್ಕೆ ಮೇಲುಕೋಟೆಯ ಪಕ್ಕ ಮೊದಲು ನೆನಪಾಗುವುದು ಸಂತ ಫ್ರಾನ್ಸಿಸ್‌ನ ಅಸ್ಸಿಸಿ. ಅಲ್ಲಿ ಸಂತನ ದೇಹವೇ ಇದೆ. ಇಲ್ಲಿ ಇರುವುದು, ಆಚಾರ್ಯರು ಶ್ರೀರಂಗಕ್ಕೆ ಮರಳುವಾಗ ಅಗಲಿಕೆ ತಾಳದ ಶಿಷ್ಯರಿಗಾಗಿ ಆದದ್ದೆಂದು ಹೇಳುವ ‘ತಮರ್ ಉಗಂದ ತಿರುಮೇನಿ’ ವಿಗ್ರಹ. ಆದರೆ ಇಟಲಿಯ ಬೆಟ್ಟದೂರುಗಳಿಂದ ಕಲಿಯಬೇಕಾದದ್ದು ಬೇರೆ. ಸಾನ್ ಜಿಮಿನ್ಯಾನೋದ ಮುಖ್ಯ ಚೌಕದ ನಡುವೆ ನಿಂತಿರುವುದು 13ನೇ ಶತಮಾನದ ಬಾವಿ, ಚೌಕದ ಹೆಸರೂ ಅದರದ್ದೇ. ಸಿಯೆನಾ ನಗರದ ಅಡಿಯಲ್ಲಿ ಸುಮಾರು 25 ಕಿಲೋಮೀಟರ್ ಉದ್ದದ ನೀರಿನ ಸುರಂಗಗಳಿವೆ. ಆರ್ವಿಯೆಟೋದಲ್ಲಿ, 1527ರ ರೋಮ್ ಲೂಟಿಯಿಂದ ತಪ್ಪಿಸಿಕೊಂಡು ಬಂದ ಪೋಪ್ ಏಳನೇ ಕ್ಲೆಮೆಂಟ್ ಮುತ್ತಿಗೆಗೆ ಹೆದರಿ ಸುಮಾರು 53 ಮೀಟರ್ ಆಳದ ಬಾವಿ ತೋಡಿಸಿದ. ಇಳಿಯುವ ಹೇಸರಗತ್ತೆಗೂ ಏರುವ ಹೇಸರಗತ್ತೆಗೂ ಡಿಕ್ಕಿಯಾಗದಂತೆ ಅದರಲ್ಲಿ 248 ಮೆಟ್ಟಿಲುಗಳ ಎರಡು ಪ್ರತ್ಯೇಕ ಸುರುಳಿಗಳಿವೆ. ಪ್ರವಾಸಿಗರು ಟಿಕೆಟ್ ತೆಗೆದುಕೊಂಡು ಆ ಬಾವಿಗೆ ಇಳಿಯುತ್ತಾರೆ. ಬೆಟ್ಟದ ಮೇಲಿನ ಊರಿಗೆ ನೀರೇ ಮೊದಲ ಇತಿಹಾಸ ಎಂಬುದನ್ನು ಅವರು ನೋಡುಗರ ಮುಂದಿಟ್ಟಿದ್ದಾರೆ. ನಮ್ಮಲ್ಲಿ ಅಷ್ಟೇ ಹಳೆಯ, ಅಷ್ಟೇ ಜಾಣತನದ ವ್ಯವಸ್ಥೆ ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿದ್ದೂ ಗಮನಕ್ಕೆ ಬಾರದೆ ಉಳಿಯುತ್ತದೆ.

ಹಾಗಾದರೆ ನೋಡುವ ಕ್ರಮ ಯಾವುದು? ಬೆಂಗಳೂರಿನ ಕಡೆಯಿಂದ ಬರುವವರು ಮದ್ದೂರು, ಮಂಡ್ಯ ದಾಟಿ, ದುದ್ದ, ಜಕ್ಕನಹಳ್ಳಿ ಮಾರ್ಗವಾಗಿ ಬೆಟ್ಟ ಸೇರಬಹುದು. ಹತ್ತಿರದ ರೈಲು ನಿಲ್ದಾಣ ಪಾಂಡವಪುರ. ವೈರಮುಡಿಯ ರಾತ್ರಿ ಉತ್ಸವ ನೋಡಲು ತಕ್ಕದ್ದೇ ಹೊರತು ಊರು ನೋಡಲು ಅಲ್ಲ. ಮಳೆ ಮುಗಿದ ಕಾರ್ತಿಕದ ದಿನಗಳು ಇದಕ್ಕೆ ಸೂಕ್ತ. ನೂರಾರು ಮೆಟ್ಟಿಲು ಹತ್ತಿ ಮೊದಲು ಯೋಗನರಸಿಂಹನ ಸನ್ನಿಧಿಗೆ ಹೋಗಿ, ಅಲ್ಲಿಂದ ಕೆಳಗೆ ನೋಡಿದರೆ ಇಡೀ ವ್ಯವಸ್ಥೆ ನಕ್ಷೆಯಂತೆ ತೆರೆದುಕೊಳ್ಳುತ್ತದೆ. ಬಂಡೆಯ ಇಳುಕಲು ಎತ್ತ, ಕೊಳ ಎಲ್ಲಿ, ಬೀದಿ ಯಾವ ಕೊಳವನ್ನು ಹುಡುಕಿಕೊಂಡು ಹೋಗಿದೆ ಎಂಬುದೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಆಮೇಲೆ ಕಲ್ಯಾಣಿ, ಚೆಲುವನಾರಾಯಣನ ಗುಡಿ, ಹೆಂಚಿನ ಮನೆಗಳ ಬೀದಿಗಳು, ಅಕ್ಕ-ತಂಗಿ ಕೊಳ, ರಾಯಗೋಪುರ, ಬಂಡೆಗಳ ನಡುವಿನ ಧನುಷ್ಕೋಟಿ. ಇಷ್ಟಕ್ಕೆ ಒಂದು ಪೂರ್ತಿ ದಿನ ಬೇಕು, ರಾತ್ರಿ ಉಳಿದರೆ ಒಳ್ಳೆಯದು.

ದರ್ಶನಕ್ಕೆಂದು ಬರುವ ಭಕ್ತನಿಗೆ ಈ ಪಾಠವೆಲ್ಲ ಯಾಕೆ, ಅರ್ಧ ದಿನದ ಯಾತ್ರೆಯಿಂದಲೂ ಅಂಗಡಿಯವರಿಗೆ, ಹೂವಾಡಗಿತ್ತಿಯರಿಗೆ ಸಂಪಾದನೆ ಇದೆಯಲ್ಲ ಎಂದು ಕೇಳಬಹುದು. ಆ ಸಂಪಾದನೆ ನಿಜ, ಅದನ್ನು ಕುಗ್ಗಿಸುವ ಯಾವ ಸಲಹೆಯೂ ಸರಿಯಲ್ಲ. ಇಟಲಿಯ ಚಿವಿಟಾ ದಿ ಬಾನ್ಯೋರೆಜಿಯೋ 2013ರಿಂದ ಊರಿನೊಳಗೆ ಕಾಲಿಡಲು ಶುಲ್ಕ ಇಟ್ಟಿತು. ದೇವರ ದರ್ಶನಕ್ಕೆ ಬರುವ ಬಡವರ ಊರಿನಲ್ಲಿ ಅಂಥದ್ದನ್ನು ಯೋಚಿಸುವುದೂ ತಪ್ಪು. ಆದರೆ ಗುಡಿಗೆ ಬಂದು ಗುಡಿಯಿಂದಲೇ ಹಿಂತಿರುಗುವ ಪ್ರವಾಸ ಊರಿನ ಉಳಿದ ಭಾಗಗಳ ಪೋಷಣೆಗೆ ಏನನ್ನೂ ಬಿಟ್ಟುಹೋಗುವುದಿಲ್ಲ. ನಲ್ಲಿ ನೀರು ಬಂದ ಮೇಲೆ ಕೊಳದ ಮೇಲಿನ ಅವಲಂಬನೆ ತಪ್ಪಿದೆ, ಅವಲಂಬನೆ ತಪ್ಪಿದ ಕೊಳಕ್ಕೆ ಹೂಳೂ ಪ್ಲಾಸ್ಟಿಕ್ಕೂ ಬೇಗ ಸೇರುತ್ತವೆ. ಸ್ಮಾರಕ ರಕ್ಷಣೆಯ ಕಾನೂನು ಒಂದೊಂದು ಕಟ್ಟಡವನ್ನು ಬಿಡಿಬಿಡಿಯಾಗಿ ನೋಡುತ್ತದೆ. ಬಂಡೆಯಿಂದ ಕೊಳಕ್ಕೆ ನೀರು ತರುವ ಕಾಲುದಾರಿ, ಒಂದು ಕೊಳದ ಕೋಡಿಯಿಂದ ಇನ್ನೊಂದಕ್ಕೆ ಹೋಗುವ ತೋಡು ಅದರ ಲೆಕ್ಕಕ್ಕೆ ಬರುವುದು ಕಷ್ಟ. ಆ ದಾರಿಯ ಮೇಲೆ ಒಂದು ವಾಹನ ನಿಲುಗಡೆಯೋ ಕಾಂಕ್ರೀಟು ರಸ್ತೆಯೋ ಬಂದರೆ ಕೊಳದ ಮೆಟ್ಟಿಲಿಗೆ ಎಷ್ಟು ದುರಸ್ತಿ ಮಾಡಿದರೂ ನೀರು ಬರುವುದಿಲ್ಲ. ಆದ್ದರಿಂದ ಮೊದಲು ಆಗಬೇಕಾದದ್ದು ಎಲ್ಲ ಕೊಳಗಳ, ಅವುಗಳ ಜಲಾನಯನದ, ತೋಡುಗಳ ಪೂರ್ತಿ ಅಳತೆ ಮತ್ತು ನಕ್ಷೆ. ಕಂದಾಯ, ಪುರಾತತ್ವ, ಮುಜರಾಯಿ, ಅರಣ್ಯ ಇಲಾಖೆಗಳು ಕೂಡಿ ಕುಳಿತು ಮಾಡಬೇಕಾದ ಕೆಲಸ ಅದು. ಅಷ್ಟತೀರ್ಥೋತ್ಸವದ ದಾರಿಯನ್ನೇ ಹಿಡಿದು ನಡೆದರೆ ನಕ್ಷೆಯ ಅರ್ಧಭಾಗ ಒಂದೇ ಸುತ್ತಿನಲ್ಲಿ ಸಿದ್ಧವಾಗುತ್ತದೆ.